ಖಾಲಿ ಚೀಲದ ಋಣ

ಹೋದ ವಾರ ಬೇಲೂರಿನಿಂದ ಅರಸೀಕೆರೆಗೆ ಹೋಗಿದ್ದೆ. ಬ್ಯಾಂಕಿನಲ್ಲಿ ಹಳೆಯ ಲಾಕರೊಂದನ್ನು ಬಿಟ್ಟುಕೊಡುವುದಿತ್ತು. ಕೆಲಸ ಮುಗಿಸಿ, ಆಟೋಗೆ ಕಾಯದೆ ನಡೆದೇ ಹೊರಟವಳು ಮಾರುಕಟ್ಟೆ ಯಾರ್ಡಿನ ಗೋಡೆ ಪಕ್ಕ ಬಂದಾಗ ಕೊಬ್ಬರಿ ವಾಸನೆ ಮೂಗಿಗೆ ಹೊಡೆಯಿತು. ತೇವ ತಗುಲಿದ ಗೋಣಿಚೀಲ, ಅದರೊಳಗೆ ಉಂಡೆ ಕೊಬ್ಬರಿ, ಹೊರಗೆ ಸಣ್ಣಗೆ ಹನಿಯುವ ಮಳೆ, ಮೂರೂ ಸೇರಿದರೆ ಬರುವ ವಾಸನೆ ಅದು. ಒಂದು ಚೂರು ಬಾಯಿಗೆ ಹಾಕಿಕೊಳ್ಳೋಣ ಅನ್ನಿಸುತ್ತದೆ, ಜೊತೆಗೆ ಎಲ್ಲೋ ಏನೋ ಕೆಡುತ್ತಿದೆ ಅನ್ನುವ ಅನುಮಾನವೂ ಬರುತ್ತದೆ. ಕೊಡೆ ಹಿಡಿದು ಅಲ್ಲೇ ನಿಂತುಬಿಟ್ಟೆ. ಲಾರಿಗೆ ಚೀಲ ಹೇರುತ್ತಿದ್ದ ಹಮಾಲಿಯೊಬ್ಬರು, "ಯಾರ್ ಬೇಕಿತ್ತಕ್ಕ?" ಅಂದರು.

ಏನು ಹೇಳಲಿ? ನನಗೆ ಬೇಕಾಗಿದ್ದ ಮನುಷ್ಯನ ಮುಖವನ್ನು ನಾನು ಈವರೆಗೆ ನೋಡಿಲ್ಲ. ಹೆಸರೂ ಗೊತ್ತಿಲ್ಲ. ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ. ಸಿಟ್ಟಿನಲ್ಲಿ ಮೊದಲ ದಿನವೇ 'ಅವನು' ಅಂದುಬಿಟ್ಟಿದ್ದೆ, ಅದೇ ಉಳಿದಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲಿ. ಗಣಿತದ ಟೀಚರಿಗೆ ಅಷ್ಟೂ ಇರದಿದ್ದರೆ ಹೇಗೆ ಅಂತ ಇಪ್ಪತ್ತು ವರ್ಷ ಸಮರ್ಥಿಸಿಕೊಂಡು ಬಂದವಳು ನಾನು. ಆದರೆ ಆ ಒಂದು ಮಳೆಗಾಲದಲ್ಲಿ ನನ್ನ ಸಿಟ್ಟಿನಿಂದ ಇನ್ನೊಬ್ಬರ ಮನೆ ಹಾಳಾಗುವುದಿತ್ತು. ತಪ್ಪಿಸಿದವನು ಅವನು. ಅದನ್ನು ಬರೆದಿಡಬೇಕು ಅಂತ ಯಾರ್ಡಿನ ಗೋಡೆ ಪಕ್ಕ ನಿಂತಾಗಲೇ ಅನ್ನಿಸಿತು.

ಆಗ ನಾನು ಹಳೇಬೀಡಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿದ್ದೆ. ನಮ್ಮನೆಯವರದು ರೈಲ್ವೆ ಕೆಲಸವಾದ್ದರಿಂದ ವಾಸ ಅರಸೀಕೆರೆಯಲ್ಲಿ, ಮರುಳಪ್ಪನವರ ಮನೆಯ ಮಹಡಿ ಮೇಲೆ. ಮರುಳಪ್ಪನವರು ಕೊಬ್ಬರಿ ಮಂಡಿಯೊಂದರಲ್ಲಿ ನಲವತ್ತು ವರ್ಷ ಗುಮಾಸ್ತರಾಗಿದ್ದವರು. ಬೆಳಿಗ್ಗೆ ನಾನು ಬಸ್ಸಿಗೆ ಓಡುವಾಗ ಅವರು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿರುವರು. ನನ್ನ ಬಸ್ಸು ಬಾಣಾವರ, ಜಾವಗಲ್ ಮೇಲೆ ಹೋಗುವುದು. ಆಷಾಢದ ಗಾಳಿಗೆ ಕಿಟಕಿಯ ಗಾಜು ಗಡಗಡ ಅನ್ನುವುದು. ಕೂರಲು ಸೀಟು ಸಿಕ್ಕರೆ ನಾನು ಫೋನು ತೆಗೆಯುವುದು.

ಫೋನಿನಲ್ಲೇ ಷೇರು ಕೊಂಡು ಮಾರುವುದು ಎಲ್ಲರಿಗೂ ಬಂದುಬಿಟ್ಟಿದ್ದ ಕಾಲ ಅದು. ಸ್ಟಾಫ್ ರೂಮಿನಲ್ಲಿ ಡಿ.ಎ. ಬಾಕಿಯ ಮಾತು ನಿಂತು ಷೇರಿನ ಮಾತು ಶುರುವಾಗಿತ್ತು. ಕನ್ನಡದಲ್ಲೇ ಷೇರಿನ ಬಗ್ಗೆ ಚರ್ಚೆ ಮಾಡುವ ಒಂದು ಆನ್‌ಲೈನ್ ಗುಂಪಿತ್ತು, ಸಾವಿರಾರು ಜನರದ್ದು. ಅದರ ಮೂವರು ಅಡ್ಮಿನ್‌ಗಳಲ್ಲಿ ನಾನೂ ಒಬ್ಬಳು. ಭಾನುವಾರ ಭಾನುವಾರ ಅಲ್ಲಿ ಪಾಠ ಬರೆಯುತ್ತಿದ್ದೆ. ಸಾಲ ಎಂದರೇನು, ಲಾಭಾಂಶ ಎಂದರೇನು, ವಾರ್ಷಿಕ ವರದಿ ಓದುವುದು ಹೇಗೆ, ಇಂಥವು. 'ಲೆಕ್ಕದ ಮೇಡಂ' ಅಂತ ಹೆಸರಾಗಿತ್ತು. ಕ್ಲಾಸಿನಲ್ಲಿ ನಲವತ್ತು ಮಕ್ಕಳು ಆಕಳಿಸುವ ಹೊತ್ತಿಗೆ ಫೋನಿನಲ್ಲಿ ನಾಲ್ಕು ನೂರು ಜನ ಕೈಮುಗಿದರೆ ಯಾರಿಗೆ ತಾನೆ ತಲೆ ತಿರುಗುವುದಿಲ್ಲ? ನನಗೂ ತಿರುಗಿತ್ತು.

ಆ ಗುಂಪಿನಲ್ಲಿ ನಾನು ಅತಿ ಹೆಚ್ಚು ಹೊಗಳಿದ್ದು ಒಂದು ತೆಂಗಿನ ಕಂಪನಿಯನ್ನು. ಹೆಸರು ಬೇಡ, ಈಗ ಅದಕ್ಕೆ ಹೆಸರೂ ಉಳಿದಿಲ್ಲ. ತೆಂಗಿನ ಪುಡಿ, ತೆಂಗಿನ ಹಾಲು, ಎಣ್ಣೆ ಮಾಡಿ ಹೊರದೇಶಕ್ಕೆ ಕಳಿಸುತ್ತೇವೆ ಅನ್ನುತ್ತಿದ್ದರು. ಬಾಣಾವರದ ಹತ್ತಿರ ಅವರದೊಂದು ದೊಡ್ಡ ಘಟಕ ಶುರುವಾಗಿದೆ ಅಂತ ವಾರ್ಷಿಕ ವರದಿಯಲ್ಲಿ ಬಣ್ಣದ ಫೋಟೋ ಸಮೇತ ಇತ್ತು. ಆ ಸುದ್ದಿಯ ಮೇಲೇ ಷೇರು ಏರಿತ್ತು. ಹೆತ್ತ ಮಕ್ಕಳು ಕೈಬಿಟ್ಟರೂ ತೆಂಗಿನ ಮರ ಕೈಬಿಡುವುದಿಲ್ಲ ಅಂತ ಕೇಳಿಕೊಂಡೇ ಬೆಳೆದವರು ನಾವು. ಬೇರೆ ಯಾವುದೇ ಕಂಪನಿಯಾದರೆ ಹತ್ತು ಪ್ರಶ್ನೆ ಕೇಳುತ್ತಿದ್ದೆವು. ತೆಂಗು, ಅದೂ ನಮ್ಮ ಬಾಣಾವರದ್ದು ಅಂದಮೇಲೆ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ನಾನಂತೂ ಹತ್ತು ವರ್ಷದ ಉಳಿತಾಯದಲ್ಲಿ ಮುಕ್ಕಾಲು ಭಾಗ ಅಲ್ಲಿಟ್ಟೆ. ದಿನಾ ಎರಡು ಸಲ ಬಾಣಾವರದ ಮೇಲೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದವಳು ಒಂದು ದಿನ ಇಳಿದು ನೋಡೋಣ ಅನ್ನಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

ನನ್ನ ಮಾತು ಕೇಳಿ ಹಣ ಹಾಕಿದವರಲ್ಲಿ ಗಂಗಮ್ಮನೂ ಒಬ್ಬರು. ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು, ಹುಲಿಕೆರೆಯವರು. ನನಗಿಂತ ಹತ್ತು ವರ್ಷ ದೊಡ್ಡವರು. ದಿನಾ ಮನೆಯಿಂದ ಒಂದು ಸೀಸೆ ಗಟ್ಟಿ ಮೊಸರು ತಂದು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು ಹೋಗುವರು. ದುಡ್ಡು ಕೊಟ್ಟರೆ ಬೈಯುವರು. ನಾವು ಷೇರಿನ ಮಾತಾಡುವಾಗ ಒಂದು ದಿನ ಬಾಗಿಲಲ್ಲಿ ನಿಂತು, "ಅದೇನ್ ಮೇಡಮ್ನೋರೆ ಅದು, ದಿನಾ ಅದೇ ಮಾತು?" ಅಂದರು. ನಾನು ನಗುತ್ತಾ, "ಹುಲ್ಲು ಹಾಕದೆ ಹಾಲು ಕರೆಯೋ ಹಸು ಗಂಗಮ್ಮ" ಅಂದೆ. ಮುಂದಿನ ತಿಂಗಳು ಅವರೇ ಆಧಾರ್ ಕಾರ್ಡು, ಪ್ಯಾನ್ ಕಾರ್ಡು ಹಿಡಿದುಕೊಂಡು ಬಂದು, ನನಗೂ ಒಂದು ಖಾತೆ ಮಾಡಿಕೊಡಿ ಅಂದರು. ಅವರ ಫೋನಿನಲ್ಲೇ ಖಾತೆ ತೆರೆದೆ, ಅವರ ದುಡ್ಡಿಗೆ ತೆಂಗಿನ ಕಂಪನಿ ಷೇರು ಕೊಡಿಸಿದೆ. ದುಡ್ಡು ಎಲ್ಲಿಯದು ಅಂತ ಕೇಳಲಿಲ್ಲ.

ಆಷಾಢ ಶುರುವಾದ ಮೇಲೆ ಮೇಜಿನ ಮೇಲೆ ಮೊಸರು ಕಾಣಲಿಲ್ಲ. ಒಂದು ವಾರ ನೋಡಿ ಕೇಳಿದೆ.

"ಹಸ ಎಲ್ಲೈತೆ ಮೇಡಮ್ನೋರೆ? ಅದನ್ನ ಮಾರಿ ತಾನೆ ನಿಮ್ಮ ತಾವ ಹಾಕಿದ್ದು. ನೀವೇ ಹೇಳಿದ್ರಲ್ಲ, ಹುಲ್ಲೂ ಬೇಡ, ಹಿಂಡಿನೂ ಬೇಡ, ಹಾಲು ಬತ್ತದೆ ಅಂತ. ಮಂಡಿ ನೋವು, ಹುಲ್ಲು ಹೊರೋಕಾಗಲ್ಲ. ಇದೇ ವಾಸಿ ಅಂದ್ಕಂಡೆ."

ಒಂದೇ ಒಂದು ಹಸು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಿ ಆ ಮನೆ ನಡೆಯುತ್ತಿತ್ತು. ನಾನು ತಮಾಷೆಗೆ ಆಡಿದ ಒಂದು ಮಾತಿಗೆ ಅವರು ಕೊಟ್ಟಿಗೆ ಖಾಲಿ ಮಾಡಿದ್ದರು. ಅವತ್ತಿನಿಂದ ಆ ಷೇರಿನ ಬೆಲೆ ನನಗೆ ಬರೀ ಅಂಕಿಯಾಗಿ ಉಳಿಯಲಿಲ್ಲ. ಬೆಳಿಗ್ಗೆ ಒಂಬತ್ತೂಕಾಲಿಗೆ ಮಾರುಕಟ್ಟೆ ತೆರೆದರೆ ಮೊದಲು ನೆನಪಾಗುವುದು ಗಂಗಮ್ಮನ ಹಸು.

ಸರಿಯಾಗಿ ಆ ಹೊತ್ತಿಗೇ ಗುಂಪಿನಲ್ಲಿ ಗಲಾಟೆ ಶುರುವಾಯಿತು. ಒಂದೇ ವಾರದಲ್ಲಿ ಏಳೆಂಟು ಹೊಸ ಹೆಸರುಗಳು ಬಂದು ಸೇರಿಕೊಂಡವು. ಅವರಿಗೆ ಬೇರೆ ಯಾವ ಕಂಪನಿಯ ಮಾತೂ ಬೇಡ, ನಮ್ಮ ತೆಂಗಿನ ಕಂಪನಿಯದೇ ಬೇಕು. ಒಬ್ಬ ಕೇಳುವನು, "ಇವರ ಸಾಲದ ವಿಚಾರ ಯಾರಾದರೂ ನೋಡಿದ್ದೀರಾ? ಸುಮ್ಮನೆ ಕೇಳಿದೆ." ಇನ್ನೊಬ್ಬ ಅಳುವನು, "ನಾನೂ ನಿಮ್ಮ ಹಾಗೇ ನಂಬಿದ್ದೆ, ನಿನ್ನೆ ನಷ್ಟಕ್ಕೆ ಮಾರಿ ಹೊರಬಂದೆ, ಈಗ ನೆಮ್ಮದಿ." ಮತ್ತೊಬ್ಬ ಯಾವ ಕಾಲದ್ದೋ ಸುದ್ದಿಯನ್ನು ಇವತ್ತಿನದು ಅನ್ನುವ ಹಾಗೆ ತಂದು ಹಾಕುವನು. ಎಲ್ಲ ಮಾರುಕಟ್ಟೆ ತೆರೆಯುವ ಐದು ನಿಮಿಷ ಮುಂಚೆ. ಯೋಚನೆ ಮಾಡುವುದಕ್ಕೆ ಸಮಯ ಕೊಡಬಾರದು ನೋಡಿ. ಹೆದರಿದವರು ಮಾರುತ್ತಿದ್ದರು, ಷೇರು ಇಳಿಯುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಆ ಹೆಸರುಗಳೆಲ್ಲ ಗಪ್‌ಚಿಪ್.

ಒಂದು ಭಾನುವಾರ ಜಗಲಿಯಲ್ಲಿ ಮರುಳಪ್ಪನವರು ತೋಟದಿಂದ ಬಂದ ಕೊಬ್ಬರಿ ಉಂಡೆಗಳನ್ನು ಒಂದೊಂದಾಗಿ ಒರೆಸಿ ಬೇರೆ ಮಾಡುತ್ತಿದ್ದರು. ನಾನು ಎದುರಿಗೆ ಕೂತು ಫೋನಿನಲ್ಲಿದ್ದದ್ದನ್ನು ಓದಿ ಹೇಳಿ, "ಯಜಮಾನ್ರೇ, ಇವರಿಗೆ ಏನು ಬಂದಿದೆ ರೋಗ? ಬೇಡವಾದರೆ ಕೊಳ್ಳದೆ ಇರಲಿ. ಹೀಗೆ ಬಾಯಿ ಬಡಿದುಕೊಳ್ಳೋದು ಯಾಕೆ?" ಅಂದೆ.

"ಅವ್ರ ತಾವ ಮಾಲಿಲ್ಲ ಕಣಮ್ಮ," ಅಂದರು ತಲೆ ಎತ್ತದೆ. "ಇಲ್ದಿರೋ ಮಾಲನ್ನ ಮಾರವ್ರೆ. ವಾಯಿದೆ ದಿನಕ್ಕೆ ಕೊಡ್ಬೇಕು. ಅಷ್ಟ್ರಲ್ಲಿ ರೇಟು ಬಿದ್ರೆ, ಕಮ್ಮಿಗೆ ಕೊಂಡು ಕೊಟ್ಟು ಮಿಕ್ಕಿದ್ದು ಜೇಬಿಗೆ. ರೇಟು ಏರ್ತು ಅಂದ್ರೆ ಹೆಂಡ್ತಿ ಓಲೆ ಮಾರಿ ತಂದ್ಕೊಡ್ಬೇಕು. ಹೊಟ್ಟೆಗೆ ಹಾಕಿದ್ದು ಅರಗ್ತದಾ? ಅದಕ್ಕೇ ಬಡ್ಕತಾರೆ. ನಮ್ಮ ಯಾರ್ಡಲ್ಲಿ ಇವ್ರಿಗೆ ಖಾಲಿ ಚೀಲದೋರು ಅಂತಿದ್ವಿ."

ಆಮೇಲೆ ನಾನು ಓದಿದ ಒಂದೊಂದು ಸಂದೇಶಕ್ಕೂ ಅವರಲ್ಲಿ ಒಂದೊಂದು ಜೋಡಿಯಿತ್ತು. ಖಾಲಿ ಚೀಲದವರು ಮಾಲು ಕೆಟ್ಟಿದೆ ಅಂತ ಎಂದೂ ನೇರ ಹೇಳುತ್ತಿರಲಿಲ್ಲವಂತೆ, 'ಆ ಗೋಡೌನು ಸೋರ್ತದಂತೆ, ಹೌದಾ?' ಅಂತ ಕೇಳಿ ಸುಮ್ಮನಾಗುತ್ತಿದ್ದರಂತೆ. ಅದೂ ವರ್ತಕರು ರೇಟು ಬರೆದು ಟೆಂಡರಿಗೆ ಚೀಟಿ ಹಾಕುವ ಗಳಿಗೆಯಲ್ಲಿ. ಇಬ್ಬರು ಹೋಟೆಲಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಜಗಳವಾಡುವರು, ರೇಟು ಬೀಳ್ತದೆ ಅಂತ ಒಬ್ಬ, ಬೀಳಲ್ಲ ಅಂತ ಇನ್ನೊಬ್ಬ. ಕಾಫಿ ಮುಗಿಯುವ ಹೊತ್ತಿಗೆ ಎರಡನೆಯವನು ಸೋತು ಒಪ್ಪಿಕೊಳ್ಳುವನು. ಇಬ್ಬರ ಕಾಫಿ ದುಡ್ಡೂ ಒಬ್ಬನೇ ಕೊಟ್ಟಿರುತ್ತಾನೆ. ನಾನು ಗುಂಪಿಗೆ ಹೋಗಿ ನೋಡಿದೆ. ಹಿಂದಿನ ದಿನವೇ ಅಂಥದೊಂದು ಜಗಳ ನಡೆದು, ನಮ್ಮ ಪರ ವಾದಿಸುತ್ತಿದ್ದವನು, "ನೀವು ಹೇಳೋದು ಸರಿ ಕಣ್ರೀ, ನನ್ನ ಕಣ್ಣು ತೆರೆಸಿದಿರಿ" ಅಂತ ಶರಣಾಗಿದ್ದ.

ಸೋಮವಾರ ಬಸ್ಸಿನಲ್ಲಿ ಕೂತು ಅವರನ್ನೆಲ್ಲ ಒಬ್ಬೊಬ್ಬರಾಗಿ ಗುಂಪಿನಿಂದ ಹೊರಹಾಕಿದೆ. ಕಳೆ ಕಿತ್ತಷ್ಟು ಸಂತೋಷವಾಯಿತು. ಕಂಪನಿಯ ವಿರುದ್ಧ ಬರೆಯುವವರಲ್ಲಿ ಉಳಿದವನು ಒಬ್ಬ. ಅವನು ಬಂದು ಎರಡು ತಿಂಗಳಾಗಿತ್ತು. ವಾರಕ್ಕೊಮ್ಮೆ ಎರಡು ಸಾಲು ಬರೆಯುತ್ತಿದ್ದ, ಯಾವಾಗಲೂ ಮಾರುಕಟ್ಟೆ ಮುಚ್ಚಿದ ಮೇಲೆ. ಅಳು ಇಲ್ಲ, ಆತುರ ಇಲ್ಲ. ಅವತ್ತು ಸಂಜೆ ಬರೆದ: "ಈ ಕಂಪನಿಯ ಮಾರಾಟ ಏರಿದೆ, ಕರೆಂಟ್ ಬಿಲ್ಲು ಏರಿಲ್ಲ. ಯಂತ್ರ ತಿರುಗದೆ ಕಾಯಿ ಹೇಗೆ ಪುಡಿಯಾಯಿತು? ನಾನು ಈ ಷೇರನ್ನು ವಾಯಿದೆಯಲ್ಲಿ ಮಾರಿದ್ದೇನೆ. ಬಿದ್ದರೆ ನನಗೆ ಲಾಭ. ಅದು ನಿಮಗೆ ಗೊತ್ತಿರಲಿ." ಹೆಸರು ನೋಡಿದೆ. 'ಖಾಲಿ ಚೀಲ' ಅಂತಲೇ ಇಟ್ಟುಕೊಂಡಿದ್ದ. ನಮ್ಮ ಯಾರ್ಡಿನ ಮಾತು ಅವನಿಗೆ ಹೇಗೆ ಗೊತ್ತಿತ್ತೋ ಗೊತ್ತಿಲ್ಲ.

ಕಳ್ಳ ತಾನೇ ಒಪ್ಪಿಕೊಂಡಮೇಲೆ ಇನ್ನೇನು ವಿಚಾರಣೆ? "ಬಡವರ ಹೊಟ್ಟೆ ಮೇಲೆ ಹೊಡೆದು ಎಷ್ಟು ಸಂಪಾದಿಸಿದಿರಿ?" ಅಂತ ಬರೆದು, ಉತ್ತರಕ್ಕೂ ಕಾಯದೆ ಅವನನ್ನೂ ಹೊರಹಾಕಿದೆ. ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಅರ್ಧ ಗಂಟೆ ಬಿಟ್ಟು ನನಗೊಬ್ಬಳಿಗೇ ಅವನ ಸಂದೇಶ ಬಂತು. "ಪರವಾಗಿಲ್ಲ ಮೇಡಂ. ಆದರೆ ಕರೆಂಟ್ ಬಿಲ್ಲಿನ ಪ್ರಶ್ನೆಗೆ ಉತ್ತರ ಸಿಕ್ಕರೆ ನನಗೂ ತಿಳಿಸಿ."

ರಾತ್ರಿ ಊಟವಾದಮೇಲೆ ಇದನ್ನು ಮರುಳಪ್ಪನವರಿಗೆ ಜಂಬದಿಂದಲೇ ಹೇಳಿದೆ. ಅವರು ನಗಲಿಲ್ಲ.

"ತಪ್ಪು ಮಾಡ್ದೆ ಕಣಮ್ಮ. ಖಾಲಿ ಚೀಲದೋರು ಎಲ್ರೂ ಸುಳ್ರಲ್ಲ. ಕೆಲವು ಸಲ ನಿಜ ಬರೋದೇ ಅವ್ರ ಬಾಯಿಂದ. ಮಾಲು ಇಟ್ಕಂಡೋನು ಯಾವನಾದ್ರೂ ನನ್ನ ಕೊಬ್ಬರಿ ಬೂಷ್ಟು ಹಿಡಿದೈತೆ ಅಂತ ಹೇಳ್ತಾನಾ? ನೀನು ಹೇಳ್ತೀಯಾ?"

ನನ್ನಲ್ಲೂ ಮಾಲಿತ್ತು. ನಾನು ಬರೆದ ಅಷ್ಟೂ ಹೊಗಳಿಕೆ ಮಾಲು ಇಟ್ಟುಕೊಂಡವಳ ಹೊಗಳಿಕೆ ಅಂತ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅವನಾದರೂ ತನ್ನ ಲಾಭ ಎಲ್ಲಿದೆ ಅಂತ ಹೇಳಿಯೇ ಮಾತು ಶುರುಮಾಡಿದ್ದ. ನಾನು ಒಂದು ದಿನವೂ ಹೇಳಿರಲಿಲ್ಲ.

"ಮತ್ತೆ ನಿಮ್ಮ ಕಾಲದಲ್ಲಿ ನಿಜ ಸುಳ್ಳು ಹೇಗೆ ಗೊತ್ತು ಮಾಡ್ಕೋತಿದ್ರಿ?"

"ನಮ್ಮ ಮಂಡೀಲಿ ಒಂದು ಕಟ್ಟುಪಾಡಿತ್ತು. ದೂರಿದೋನೇ ಒಡೀಬೇಕು. ಚೀಲದ ಬಾಯಲ್ಲಿರೋದಲ್ಲ, ಬುಡದಿಂದ ಒಂದು ಉಂಡೆ ತೆಗ್ದು ಎಲ್ರ ಮುಂದೆ ಒಡೀಬೇಕು. ಬೆಳ್ಳಗಿದ್ರೆ ಮಾಲಿನೋನು ಹೇಳಿದ ರೇಟಿಗೆ ದೂರಿದೋನೇ ತಗಂಡು ಹೋಗ್ಬೇಕು. ಕೆಟ್ಟಿದ್ರೆ ಮಾಲಿನೋನು ತುಟಿ ಪಿಟಕ್ ಅನ್ನಂಗಿಲ್ಲ. ಅವನು ಯಾರು, ಯಾಕೆ ಹೇಳ್ದ, ಅವನಿಗೇನು ಬತ್ತದೆ, ಇದ್ಯಾವುದೂ ನಡೀತಿರ್ಲಿಲ್ಲ. ಉಂಡೆ ಹೇಳ್ಬೇಕು, ಅಷ್ಟೇ."

ಮಹಡಿಗೆ ಹೋಗಿ ಖಾಲಿ ಚೀಲಕ್ಕೆ ಬರೆದೆ: "ದೂರಿದವರೇ ಒಡೆದು ತೋರಿಸಬೇಕು. ತೋರಿಸಿ." ಮಾರನೆಯ ದಿನ ಸಂಜೆ ಉತ್ತರ ಬಂತು. "ನಾನು ದೂರದಲ್ಲಿದ್ದೇನೆ. ಕಾಯಿ ಇರುವುದು ನಿಮ್ಮ ಅಂಗಳದಲ್ಲಿ. ವಾರ್ಷಿಕ ವರದಿಯಲ್ಲಿ ಬಾಣಾವರದ ಘಟಕದ ವಿಳಾಸವಿದೆ. ನೀವೇ ಹೋಗಿ ಒಡೆಯಿರಿ. ಬೆಳ್ಳಗಿದ್ದರೆ ನಿಮ್ಮ ಗುಂಪಿಗೆ ಬಂದು ಕ್ಷಮೆ ಕೇಳುತ್ತೇನೆ, ಷೇರು ವಾಪಸ್ ಕೊಂಡು ವಾಯಿದೆಯನ್ನೂ ಬಿಡಿಸಿಕೊಳ್ಳುತ್ತೇನೆ." ಎಷ್ಟು ಓದಿದರೂ ಆ ಸಾಲುಗಳಲ್ಲಿ ಸಿಟ್ಟು ಮಾಡಿಕೊಳ್ಳಲು ನನಗೆ ಏನೂ ಸಿಗಲಿಲ್ಲ.

ಶನಿವಾರ ಬೆಳಗಿನ ಶಾಲೆ. ವಾಪಸ್ ಬರುವಾಗ ಬಾಣಾವರದಲ್ಲಿ ಇಳಿದೆ. ವಿಳಾಸ ತೋರಿಸಿದರೆ ಆಟೋದವರು, "ಅಲ್ಲ್ಯಾವ ಫ್ಯಾಕ್ಟ್ರಿ ಅಕ್ಕ? ಬರೀ ಕಾಂಪೌಂಡ್ ಐತೆ. ಆಯ್ತು, ಕೂತ್ಕಳಿ" ಅಂದರು. ಊರಿನಿಂದ ಹೊರಗೆ, ರಾಗಿ ಬಿತ್ತಿದ ಹೊಲಗಳ ನಡುವೆ ಎತ್ತರದ ಗೋಡೆ, ನೀಲಿ ಗೇಟು, ಅದರ ಮೇಲೆ ವರದಿಯಲ್ಲಿದ್ದ ಅದೇ ಬೋರ್ಡು. ಗೇಟಿನ ಮುಂದೆ ನಿಂತಾಗ ನನಗೆ ಬೇರೆ ಯಾವ ಸಾಕ್ಷಿಯೂ ಬೇಕಾಗಲಿಲ್ಲ. ಕಾಯಿ ಒಡೆಯುವ ಜಾಗಕ್ಕೆ ಒಂದು ಲಕ್ಷಣವಿರುತ್ತದೆ. ಹೊರಗೆ ಚಿಪ್ಪಿನ ಗುಡ್ಡೆ, ಸಿಪ್ಪೆಯ ರಾಶಿ, ಚೆಲ್ಲಿದ ಕಾಯಿನೀರಿನ ಹುಳಿ ವಾಸನೆ, ಮೇಲೆ ಕಾಗೆ. ಇಲ್ಲಿ ಒಂದು ಚಿಪ್ಪೂ ಇರಲಿಲ್ಲ. ಹಸಿ ಮಣ್ಣಿನ ವಾಸನೆ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ.

ಕಾವಲಿನ ಮುದುಕರು ಒಳಗೆ ಬಿಟ್ಟರು. ಒಂದು ತಗಡಿನ ಶೆಡ್ಡು, ಅದರಲ್ಲಿ ಅವರ ಎರಡು ಮೇಕೆ. ಕರೆಂಟಿನ ಕಂಬ ನೆಟ್ಟಿದ್ದರು, ತಂತಿ ಎಳೆದಿರಲಿಲ್ಲ.

"ಮಿಷನ್ ಇಲ್ವಾ ಅಜ್ಜ?"

"ಬಂದಿತ್ತು ಕಣವ್ವ, ಪೂಜೆ ದಿನ. ದೊಡ್ಡ ಲಾರೀಲಿ ತಂದು ಇಳಿಸಿದ್ರು. ಹೂವಿನ ಹಾರ ಹಾಕಿ ಫೋಟೋ ಹಿಡಿದ್ರು. ಸಂಜೆಗೆ ಅದೇ ಲಾರೀಲಿ ವಾಪಸ್ ಹೋಯ್ತು. ನಂಗೆ ತಿಂಗ್ಳು ತಿಂಗ್ಳು ಸಂಬಳ ಮಾತ್ರ ಬತ್ತದೆ, ಸುಳ್ಳು ಹೇಳ್ಬಾರ್ದು."

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಫೋಟೋ ತೆಗೆದುಕೊಂಡು ಅರಸೀಕೆರೆಗೆ ಬಂದೆ.

ಭಾನುವಾರ ಇಡೀ ದಿನ ಒಂದೇ ಯೋಚನೆ. ಫೋಟೋಗಳನ್ನು ಈಗಲೇ ಗುಂಪಿಗೆ ಹಾಕಿದರೆ ನಾಳೆ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಮಾರಲು ಬೀಳುತ್ತಾರೆ. ಗಂಗಮ್ಮನಿಗೆ ಎಷ್ಟು ಸಿಗುತ್ತದೋ ಗೊತ್ತಿಲ್ಲ. ಮೊದಲು ಗಂಗಮ್ಮನದು ಮಾರಿಸಿ ಆಮೇಲೆ ಹಾಕಿದರೆ, ಅವರ ಷೇರು ಇನ್ನ್ಯಾರದೋ ತಲೆಗೆ ಹೋಗುತ್ತದೆ. ಅವರ ಮನೆಯಲ್ಲೂ ಹಸು ಇರಬಹುದು. ಮರುಳಪ್ಪನವರನ್ನು ಕೇಳಿದೆ. "ಅದನ್ನ ನಾನು ಹೇಳಾಕಿಲ್ಲ ಕಣಮ್ಮ" ಅಂದರು. "ನೀನು ಕೊಡಿಸಿದ್ದು, ನೀನೇ ತೀರ್ಮಾನ ಮಾಡು."

ತೀರ್ಮಾನ ಮಾಡಿದೆ. ಸರಿ ಅಂತ ಈಗಲೂ ಹೇಳಲಾರೆ. ಗಂಗಮ್ಮನನ್ನು ಇದರೊಳಗೆ ಇಳಿಸಿದವಳು ನಾನು, ಅವರನ್ನು ಮೊದಲು ದಡ ಸೇರಿಸುತ್ತೇನೆ. ಮಿಕ್ಕವರಿಗೆ ಅದೇ ಮಧ್ಯಾಹ್ನ ಹೇಳುತ್ತೇನೆ. ನನ್ನದನ್ನು ಹೇಳುವ ಮುಂಚೆ ಮುಟ್ಟುವುದಿಲ್ಲ.

ಸೋಮವಾರ ಒಂಬತ್ತು ಗಂಟೆಗೆ ಅಡುಗೆಮನೆಯಲ್ಲಿ ಮಕ್ಕಳ ಹಾಲು ಕಾಯುತ್ತಿತ್ತು. ಗಂಗಮ್ಮನಿಗೆ ಎಲ್ಲ ಹೇಳಿದೆ. ಕಂಪನಿ ಸುಳ್ಳು, ನಾನು ನೋಡದೆ ಹೇಳಿದೆ, ನನ್ನದೇ ತಪ್ಪು ಅಂದೆ. ಅವರು ಸೌಟು ಆಡಿಸುತ್ತಲೇ ಕೇಳಿದರು. ಆಮೇಲೆ ಸೆರಗಿನ ಗಂಟಿನಿಂದ ಫೋನು ತೆಗೆದು ಕೈಗೆ ಕೊಟ್ಟರು. ಅಡುಗೆಮನೆಯಲ್ಲಿ ಸಿಗ್ನಲ್ ಇಲ್ಲ. ನಾನು ನೀರಿನ ಟ್ಯಾಂಕಿನ ಹತ್ತಿರ ಓಡಿದೆ. ಮಳೆ ಹನಿಯುತ್ತಿತ್ತು, ಪರದೆ ಒದ್ದೆಯಾಗಿ ಬೆರಳು ಮಾತು ಕೇಳುತ್ತಿರಲಿಲ್ಲ. ಓ.ಟಿ.ಪಿ. ಒಂದು ಸಲ ಬರಲಿಲ್ಲ. ಎರಡನೆಯ ಸಲ ಬಂತು, ಒತ್ತುವಷ್ಟರಲ್ಲಿ ಹೊತ್ತು ಮೀರಿತು. ಪ್ರಾರ್ಥನೆಯ ಗಂಟೆ ಹೊಡೆಯಿತು. ಮೂರನೆಯ ಸಲಕ್ಕೆ ಗಂಗಮ್ಮ ಬಂದು ಸೆರಗನ್ನು ನನ್ನ ತಲೆಯ ಮೇಲೆ, ಫೋನಿನ ಮೇಲೆ ಚಪ್ಪರದ ಹಾಗೆ ಹಿಡಿದರು. ಮಾರಾಟವಾಯಿತು. ಹಾಕಿದ್ದಕ್ಕಿಂತ ತುಸು ಕಡಿಮೆ, ಆದರೆ ಒಂದು ಹಸುವಿಗೆ ಸಾಕಾಗುವಷ್ಟು.

"ಅಷ್ಟೇನಾ?" ಅಂದರು ಗಂಗಮ್ಮ. "ನನ್ನ ಹಸ ಮಾರೋಕೆ ಮೂರು ದಿನ ಬೇಕಾಯ್ತು ಮೇಡಮ್ನೋರೆ. ಅದು ಹೋಗಾಕೇ ಒಪ್ಲಿಲ್ಲ."

ಮಧ್ಯಾಹ್ನ ಊಟದ ಬಿಡುವಿನಲ್ಲಿ ಗುಂಪಿಗೆ ಫೋಟೋ ಹಾಕಿ, ಕಂಡದ್ದೆಲ್ಲ ಬರೆದೆ. ನನ್ನಲ್ಲಿ ಎಷ್ಟು ಷೇರಿದೆ, ಬೆಳಿಗ್ಗೆ ಯಾರದನ್ನು ಮಾರಿಸಿದೆ ಅನ್ನುವುದನ್ನೂ ಮುಚ್ಚಿಡಲಿಲ್ಲ. ಕೆಲವರು ನಂಬಿ ಮಾರಿದರು. ಬಹಳ ಜನ ನನ್ನ ಮೇಲೆ ಬಿದ್ದರು. "ಬಡವರ ಹೊಟ್ಟೆ ಮೇಲೆ ಹೊಡೆದು ಎಷ್ಟು ಸಂಪಾದಿಸಿದಿರಿ ಮೇಡಂ?" ನನ್ನದೇ ಸಾಲು, ಒಂದಕ್ಷರ ಬಿಡದೆ. ಮಾರನೆಯ ದಿನ ಕಂಪನಿಯವರು ಎಲ್ಲ ಅಪಪ್ರಚಾರ ಅಂದರು, ಷೇರು ಮೊದಲಿಗಿಂತ ಮೇಲೆ ಹೋಯಿತು. ಅವತ್ತೇ ಮಿಕ್ಕ ಇಬ್ಬರು ಅಡ್ಮಿನ್‌ಗಳು ಸೇರಿ ನನ್ನನ್ನು ಗುಂಪಿನಿಂದ ಹೊರಹಾಕಿದರು. ಎರಡು ವರ್ಷ ಭಾನುವಾರ ಭಾನುವಾರ ಬರೆದ ಪಾಠಗಳು ಅಲ್ಲೇ ಉಳಿದವು.

ಖಾಲಿ ಚೀಲ ಕೇಳಿದ, "ನಿಮ್ಮದು ಮಾರಿದಿರಾ?" ಇಲ್ಲ ಅಂದೆ. ಯಾಕೆ ಅಂದ. "ಈಗ ಮಾರಿದರೆ ಸ್ವಂತ ಲಾಭಕ್ಕೆ ಹೇಳಿದಳು ಅನ್ನುತ್ತಾರೆ." "ಅನ್ನಲಿ. ಮಾರಿ ಮೇಡಂ. ನಿಜ ಹೇಳಿದ್ದಕ್ಕೆ ದಂಡ ಕಟ್ಟಬೇಕಾಗಿಲ್ಲ." ನಾನು ಕೇಳಲಿಲ್ಲ. ನಷ್ಟ ಮಾಡಿಕೊಂಡಾದರೂ ನಾನು ಸತ್ಯವಂತಳು ಅಂತ ತೋರಿಸುವ ಹಟ. ನವರಾತ್ರಿಯ ಹೊತ್ತಿಗೆ ಕಂಪನಿಯ ಲೆಕ್ಕಪರಿಶೋಧಕರು ಕೆಲಸ ಬಿಟ್ಟರು ಅನ್ನುವ ಸುದ್ದಿ ಬಂತು. ಆಮೇಲೆ ಷೇರು ದಿನಾ ಬಿತ್ತು. ನನ್ನ ಉಳಿತಾಯ ನೀರಿನಲ್ಲಿ ಹೋಮವಾಯಿತು. ನಮ್ಮನೆಯವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕಾಫಿ ತಂದುಕೊಟ್ಟು, "ಸಂಬಳ ಬರ್ತದಲ್ಲ, ಬಿಡು" ಅಂದರು. ಅದಕ್ಕೂ ನಾನು ಋಣಿ.

ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಗಂಗಮ್ಮ ಸ್ಟಾಫ್ ರೂಮಿಗೆ ಬಂದು ಒಂದು ಸ್ಟೀಲ್ ಡಬ್ಬಿ ನನ್ನ ಮುಂದಿಟ್ಟರು. ಗಿಣ್ಣು. ಏಲಕ್ಕಿ ಬೆಲ್ಲ ಹಾಕಿದ್ದು, ಇನ್ನೂ ಬೆಚ್ಚಗಿತ್ತು. ಹಗರೆ ಕಡೆಯಿಂದ ಗಬ್ಬದ ಹಸು ತಂದಿದ್ದರಂತೆ, ಹಿಂದಿನ ರಾತ್ರಿ ಕರು ಹಾಕಿತಂತೆ. ಹೆಣ್ಣು ಕರು. ಹುಲ್ಲು ಹೊರುವುದಕ್ಕೆ ಅಳಿಯ ಒಪ್ಪಿಕೊಂಡಿದ್ದಾನಂತೆ.

"ಆ ಫೋನಿನೋರು ಯಾರೋ ಇದ್ರಲ್ಲ, ಬಾಣಾವರಕ್ಕೆ ಹೋಗಿ ನೋಡಿ ಅಂದೋರು, ಅವ್ರಿಗೂ ಒಂದು ಡಬ್ಬಿ ಕೊಡ್ಬೇಕಿತ್ತು."

"ಅವರಿಗೆ ಯಾಕೆ ಗಂಗಮ್ಮ? ಅವರು ಪುಗಸಟ್ಟೆ ಹೇಳಲಿಲ್ಲ. ನಮ್ಮ ಕಂಪನಿ ಬಿದ್ದಿದ್ದಕ್ಕೆ ಅವರಿಗೆ ಚೆನ್ನಾಗಿ ದುಡ್ಡು ಬಂದಿದೆ. ಬಿದ್ದರೆ ಲಾಭ ಅಂತಲೇ ಹೇಳಿದ್ದು." ನನ್ನ ದನಿಯಲ್ಲಿ ಕಹಿಯಿತ್ತು. ನಾನು ಕಳೆದುಕೊಂಡೆ, ಅವನು ಗಳಿಸಿದ, ಹಾಗಾಗಿ ನನ್ನ ನಿಜ ಅವನ ನಿಜಕ್ಕಿಂತ ದೊಡ್ಡದು ಅಂತ ನವರಾತ್ರಿಯಿಂದ ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆ.

ಗಂಗಮ್ಮ ನನ್ನನ್ನು ನೋಡಿದ ರೀತಿಯಲ್ಲಿ ನಾನು ದಡ್ಡ ಹುಡುಗರನ್ನು ನೋಡುತ್ತೇನೆ.

"ಬಂದ್ರೆ ಬರ್ಲಿ ಬಿಡಿ ಮೇಡಮ್ನೋರೆ. ಸೂಲಗಿತ್ತಿನೂ ಕಾಸು ಈಸ್ಕತಾಳೆ. ಹಂಗಂತ ಹುಟ್ಟಿದ ಮಗ ಸುಳ್ಳಾ?"

ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಅಂತ ಅವರು ಹೊರಟುಹೋದರು. ನಾನು ಗಿಣ್ಣು ತಿಂದೆ, ಡಬ್ಬಿ ಪೂರ್ತಿ, ಯಾರಿಗೂ ಕೊಡದೆ. ಕೈ ತೊಳೆದುಕೊಂಡು ಬಂದು ಖಾಲಿ ಚೀಲಕ್ಕೆ ಬರೆದೆ: ಗಂಗಮ್ಮನ ಮನೆಯಲ್ಲಿ ಹಸು ಕರು ಹಾಕಿದೆ, ನಿಮ್ಮಿಂದ. ನಿಮ್ಮನ್ನು ಹೊರಹಾಕಿದ್ದಕ್ಕೆ ಕ್ಷಮಿಸಿ. ನಿಮಗೆ ಲಾಭವಾಯಿತಲ್ಲ, ನನಗೆ ಅದೂ ಸಂತೋಷ.